ಗೀಜುಗನ ಅಳಿಸದ ಪಟ್ಟಿ

ಗೀಜುಗ ಹಕ್ಕಿಯೊಂದು ಕಾಡಿನವರಿಗಾಗಿ ಹೊಸ ಪ್ರೋಗ್ರಾಮಿಂಗ್ ಭಾಷೆ ಕಟ್ಟಿತು. ಸ್ವಂತ ನೆಲೆಯಿಲ್ಲದ ಕಾರಣ ಅದನ್ನು ಆನೆಯ ಹಳೆಯ ಭಾಷೆಯ ಮೇಲೆಯೇ ಓಡಿಸುತ್ತಿತ್ತು.

"ಪಟ್ಟಿಯನ್ನು ಬೇರೆ ಯಾಕೆ ಹೆಣೆಯುತ್ತೀಯೆ? ನನ್ನದನ್ನೇ ಬಳಸು," ಎಂದಿತು ಆನೆ. ಗೀಜುಗ ಒಪ್ಪಿ, ಬೇಟೆಗಾರರು ತೋಡಿದ ಗುಂಡಿಗಳನ್ನೆಲ್ಲ ಆನೆಯ ಪಟ್ಟಿಯಲ್ಲಿ ಬರೆದಿಟ್ಟಿತು.

ಮೊಲ ಅದನ್ನು ಓದುತ್ತಿದ್ದಾಗಲೇ ಮುಳ್ಳುಹಂದಿ ಬಂದು, ತಾನು ಮುಚ್ಚಿದ ಗುಂಡಿಯೊಂದನ್ನು ಅಳಿಸಿತು. ಕೆಳಗಿನ ಸಾಲುಗಳೆಲ್ಲ ಮೇಲೆ ಸರಿದವು. ಹಾಗಾಗಿ ಮೊಲ ಒಂದು ಸಾಲನ್ನು ಓದದೆ ದಾಟಿತು, ಹೋಗಿ ಆ ಸಾಲಿನಲ್ಲಿದ್ದ ಗುಂಡಿಗೇ ಬಿತ್ತು. ಆನೆಯೇ ಸೊಂಡಿಲು ಚಾಚಿ ಎತ್ತಬೇಕಾಯಿತು.

ನಾಚಿದ ಗೀಜುಗ ತನ್ನದೇ ಪಟ್ಟಿ ಹೆಣೆಯಿತು. ಅದರಲ್ಲಿ ಯಾರು ಏನು ತಿದ್ದಿದರೂ ಹಳೆಯದು ಹಾಗೇ ಉಳಿಯುತ್ತಿತ್ತು. ತಿದ್ದಿದ್ದಷ್ಟೇ ಹೊಸ ಎಳೆಯಾಗಿ ಸೇರಿಕೊಳ್ಳುತ್ತಿತ್ತು.

"ನನ್ನ ಮನೆಯಲ್ಲಿದ್ದುಕೊಂಡು ನನ್ನ ಪಾತ್ರೆಯೇ ಬೇಡವೋ?" ಆನೆ ಮುನಿಸಿಕೊಂಡಿತು.

"ಮನೆ ನಿಮ್ಮದೇ, ಒಲೆಯೂ ನಿಮ್ಮದೇ, ಯಜಮಾನರೇ. ಪಾತ್ರೆ ಮಾತ್ರ ನನ್ನದಿರಲಿ."

ಒಂದು ಬೆಳಿಗ್ಗೆ, ಮರಿಗಳನ್ನು ಮೇವಿಗೆ ಹೊರಡಿಸುವ ಗಡಿಬಿಡಿಯಲ್ಲಿ, ಆನೆ ತನ್ನಲ್ಲಿ ಉಳಿದಿದ್ದ ಗುಂಡಿಗಳ ಪಟ್ಟಿಯನ್ನು ಪೂರ್ತಿ ಅಳಿಸಿಬಿಟ್ಟಿತು. ಮರಿಗಳನ್ನು ಅಲ್ಲೇ ತಡೆದು, ಗೀಜುಗನ ಗೂಡಿನ ಕೆಳಗೆ ಬಂದು ನಿಂತಿತು.

"ನಿನ್ನ ಹತ್ತಿರ ನಿನ್ನೆಯ ಪಟ್ಟಿ ಇದೆಯೇನಪ್ಪಾ?"

"ಮೊನ್ನೆಯದೂ ಇದೆ," ಎಂದಿತು ಗೀಜುಗ. "ಯಾವುದು ಕೊಡಲಿ?"