ವಾಪಸ್ ತರುವ ಗುಂಡಿ

ತಾಲೂಕು ಕಚೇರಿಯ ಟೈಪಿಸ್ಟ್ ಕಮಲಾಕ್ಷಮ್ಮನವರ ಕಂಪ್ಯೂಟರಿನಲ್ಲಿದ್ದದ್ದು ಓಬೀರಾಯನ ಕಾಲದ ಸಾಫ್ಟ್‌ವೇರು. ಅಳಿಸಿದ್ದನ್ನು ವಾಪಸ್ ತರುವ ಗುಂಡಿಯೇ ಅದರಲ್ಲಿರಲಿಲ್ಲ. ಸಾಹೇಬರಿಗೋ ತಿದ್ದುವ ಚಟ. ಬೆಳಿಗ್ಗೆ ತೆಗೆಸಿದ ಪ್ಯಾರಾ ಮಧ್ಯಾಹ್ನ ಮತ್ತೆ ಬೇಕೆನ್ನುವರು. ಕಮಲಾಕ್ಷಮ್ಮ ಮೊದಲಿಂದ ಕುಟ್ಟಬೇಕು.

“ಹೊಸದು ಹಾಕಿಸಿಕೊಡಿ ಸಾರ್, ಬೆರಳು ಸೋತುಹೋಗಿದೆ.”

“ಇರೋದ್ರಲ್ಲೇ ಏನಾದ್ರೂ ದಾರಿ ಹುಡುಕ್ರೀ.”

ಕಮಲಾಕ್ಷಮ್ಮ ಹುಡುಕಿದರು. ಮರುದಿನದಿಂದ ತಿದ್ದುಪಡಿಯೆಲ್ಲ ಕರಡು ಪ್ರತಿಯ ಮೇಲೆಯೇ, ಪಕ್ಕದಲ್ಲಿ ಸಾಹೇಬರ ಸಹಿ; ಆ ಕರಡೆಲ್ಲ ಕಡತಕ್ಕೆ.

“ವಾಪಸ್ ತರೋಕೆ ಹಳೇದು ಕೈಯಲ್ಲಿರಬೇಕಲ್ಲ ಸಾರ್.”

ಸಾಹೇಬರು ಗತ್ತಿನಿಂದಲೇ ಸಹಿ ಹಾಕಿದರು.

ವಾರ ಕಳೆಯಿತು. ತಮಗೆ ಬರಬೇಕಿದ್ದ ವರದಿ ಯಾಕೆ ತಡವೆಂದು ಕೇಳಿ ಜಿಲ್ಲಾ ಕಚೇರಿಯವರು ಕಡತವನ್ನೇ ಕಳಿಸಲು ಹೇಳಿದರು. ಸಾಹೇಬರು ತೆರೆದು ನೋಡಿದರೆ, ಒಂದೇ ಪ್ಯಾರಾ ಹನ್ನೊಂದು ಸಲ ಹೋಗಿ ಬಂದಿದೆ. ಪ್ರತಿ ಸಲವೂ ಸಹಿ ಅವರದೇ.

“ಈ ಕರಡೆಲ್ಲ ಕಿತ್ತುಹಾಕ್ರೀ.”

“ಪುಟಕ್ಕೆ ನಂಬರ್ ಬಿದ್ದುಬಿಟ್ಟಿದೆ ಸಾರ್, ಕಿತ್ರೆ ಗೊತ್ತಾಗುತ್ತೆ. ಸಾಫ್ಟ್‌ವೇರಿಂದ ತಡ ಆಯ್ತು ಅಂತ ಬರೆದು, ಹೊಸದಕ್ಕೆ ಮಂಜೂರಾತಿ ಕೇಳಿದ್ರೆ ಆಯ್ತು.”

ಸಾಹೇಬರು ಬೆವರೊರೆಸಿಕೊಂಡು ಅದಕ್ಕೂ ಸಹಿ ಹಾಕಿದರು.

ಹೊಸ ಸಾಫ್ಟ್‌ವೇರು ಬಂತು. ವಾಪಸ್ ತರುವ ಗುಂಡಿಯೂ ಜೊತೆಗೇ ಬಂತು.

“ಇನ್ನು ಸಹಿ ಬೇಡ ಅಲ್ವೇನ್ರೀ?” ಎಂದರು ಸಾಹೇಬರು, ಒಂದು ಪ್ಯಾರಾದ ಮೇಲೆ ಬೆರಳಿಟ್ಟು.

“ಸಹಿ ಬೇಡ ಅನ್ನೋ ಗುಂಡಿ ಮಾತ್ರ ಇದರಲ್ಲೂ ಇಲ್ಲ ಸಾರ್” ಎಂದು ಕಮಲಾಕ್ಷಮ್ಮ ಪೆನ್ನು ಮುಂದೆ ಹಿಡಿದರು.

ಸಾಹೇಬರು ಬೆರಳು ತೆಗೆದರು.