ಕಬ್ಬಿಣದ ಕೈಗೆ ಒಂದು ಎಲೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅದರ ಹಿಂದೆ ಮಗ್ಗದ ಮನೆ. ಅದನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ಚೌಡಪ್ಪ.

ಆಯುಧಪೂಜೆಯ ದಿನ ಅವನು ತಕಲಿ, ರಾಟೆ, ಮಗ್ಗ, ವಿದ್ಯುತ್ ಮೋಟಾರು ಎಲ್ಲವನ್ನೂ ಒರೆಸಿ ಕುಂಕುಮವಿಟ್ಟ.

ಮೂಲೆಯಲ್ಲಿದ್ದ ಕಬ್ಬಿಣದ ಕೈಗೆ ಮಾತ್ರ ಇಡಲಿಲ್ಲ. ಭಕ್ತರೊಬ್ಬರು ಕೊಟ್ಟ ರೋಬೋಟ್ ಅದು. ಮಗ್ಗಕ್ಕೆ ಬೇಕಾದ ನೂಲನ್ನೆಲ್ಲ ಸುತ್ತಿ ಕೊಡುತ್ತಿತ್ತು. ಮೊದಲು ಆ ಕೆಲಸ ನೀಲಮ್ಮನದು. ಗಂಡ ಸತ್ತ ಮೇಲೆ ಅವಳ ಅನ್ನವೂ ಅದರಲ್ಲೇ ಇತ್ತು.

ನೀಲಮ್ಮ ಬಂದಳು. ಕಂಕುಳಲ್ಲಿ ನೂಲು ಸುತ್ತುವ ತನ್ನ ರಾಟೆ.

“ನನ್ನ ಈ ರಾಟೆಗೂ ಒಂದು ಬೊಟ್ಟು ಇಡಪ್ಪ. ಕೆಲಸ ಹೋದದ್ದು ನನಗೆ. ಇದೇನು ಪಾಪ ಮಾಡಿತ್ತು?”

ಚೌಡಪ್ಪ ತಲೆ ತಗ್ಗಿಸಿ ಅವಳ ರಾಟೆಗೆ ಕುಂಕುಮವಿಟ್ಟ.

“ಊಟ ಮಾಡಿಕೊಂಡು ಹೋಗು, ನೀಲಮ್ಮಕ್ಕ.”

“ದುಡಿಯದೆ ಉಣ್ಣೋಕೆ ನಾನೇನು ನೆಂಟಳಾ?”

ಅವಳು ಮೂಲೆಯ ಕಡೆ ನೋಡಿದಳು.

“ನಿಮ್ಮ ಹೊಸ ಸೊಸೆ ಒಳ್ಳೆಯವಳು. ಎದುರಾಡಲ್ಲ, ಕಾಫಿ ಕೇಳಲ್ಲ.”

ರಾಟೆ ಎತ್ತಿಕೊಂಡು ಹೊಳೆಯ ಕಡೆ ನಡೆದಳು.

ಗುರುಗಳು ಬಂದರು. ಪೂಜೆಗಿಟ್ಟ ಸಾಲನ್ನು ನೋಡಿದರು. ಮೂಲೆಯನ್ನೂ ನೋಡಿದರು.

“ಅದಕ್ಕೇಕೆ ಕುಂಕುಮ ಇಲ್ಲ?”

“ಅದು ಒಬ್ಬಳ ಅನ್ನ ಕಿತ್ತುಕೊಂಡಿದೆ, ಬುದ್ಧಿ. ಅದಕ್ಕೆ ನಾನು ಕೈ ಮುಗಿಯಲಾರೆ.”

ಗುರುಗಳು ಸಾಲಿನಲ್ಲಿದ್ದ ರಾಟೆಯನ್ನು ಮುಟ್ಟಿದರು.

“ಇದು ಬಂದಾಗ ತಕಲಿಯಲ್ಲಿ ನೂಲುತ್ತಿದ್ದವರು ಏನಾದರು?”

ಗುರುಗಳು ಮೋಟಾರಿನ ಕಡೆ ತಿರುಗಿದರು.

“ಉಗಿಯಲ್ಲಿ ಓಡುವ ಗಿರಣಿ ಬಂತು. ರಾಟೆಯವರು ಏನಾದರು? ಆಮೇಲೆ ಕರೆಂಟು ಬಂತು. ಉಗಿಯ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವರು ಏನಾದರು?”

“ಗೊತ್ತಿಲ್ಲ, ಬುದ್ಧಿ.”

ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಮಾಲೆ ತೂಗುತ್ತಿತ್ತು. ಗುರುಗಳು ಅದನ್ನು ಹಿಡಿದರು.

“ಇದೇನು ಮಾಡುತ್ತೆ?”

“ಸೆರಗಿನಲ್ಲಿ ಹೂವು ಎಲ್ಲಿ ಬರಬೇಕು ಅಂತ ಮಗ್ಗಕ್ಕೆ ಹೇಳುತ್ತೆ. ಯಾವ ದಾರ ಏಳಬೇಕೋ ಅದನ್ನು ಈ ತೂತುಗಳೇ ಏಳಿಸುತ್ತವೆ.”

“ಇದು ಬರುವ ಮುಂಚೆ?”

“ಒಬ್ಬರು ಪಕ್ಕದಲ್ಲಿ ನಿಂತು ದಾರ ಎಳೆಯಬೇಕಿತ್ತಂತೆ. ಹೂವೆಲ್ಲ ಅವರ ನೆನಪಿನಲ್ಲಿ ಇರುತ್ತಿತ್ತಂತೆ.”

“ಅವರ ನೆನಪನ್ನು ತೆಗೆದು ರಟ್ಟಿನಲ್ಲಿಟ್ಟರು. ನಾವು ಹೇಳಿದ್ದು ಯಂತ್ರ ಕೇಳೋಕೆ ಕಲಿತದ್ದು ಆವತ್ತು. ಆ ಮೂಲೆಯಲ್ಲಿರೋದು ಇದರ ಮೊಮ್ಮಗ. ಅಜ್ಜಿಗೆ ಕುಂಕುಮ ಇಟ್ಟಿದ್ದೀ.”

ಚೌಡಪ್ಪ ಕೈಯಲ್ಲಿದ್ದ ಕುಂಕುಮದ ತಟ್ಟೆಯನ್ನು ಕೆಳಗಿಟ್ಟ.

“ಹಾಗಾದರೆ ಇವೆಲ್ಲವೂ ಪಾಪಿಗಳೇ, ಬುದ್ಧಿ?”

“ನೀಲಮ್ಮನಿಗೆ ನಾಳೆಯಿಂದ ಬರಬೇಡ ಅಂದವರು ಯಾರು?”

“ಈ ಕೈ ಬಂತಲ್ಲ, ಅದಕ್ಕೇ...”

“ಅದಕ್ಕೆ ಬಾಯಿ ಇದೆಯಾ?”

ಚೌಡಪ್ಪ ಕಬ್ಬಿಣದ ಕೈಯನ್ನು ನೋಡಿದ.

“ನಾನೇ ಅಂದೆ, ಬುದ್ಧಿ.”

ಚೌಡಪ್ಪ ಗುರುಗಳ ಕಡೆ ತಿರುಗಿದ.

“ದುಡಿದವರಿಗೆ ಊಟದ ಎಲೆ ಅನ್ನೋದು ಆಶ್ರಮದ ಕಟ್ಟಳೆ. ಅವಳಿಗೆ ಕೆಲಸ ಉಳಿದಿರಲಿಲ್ಲ. ನಾನು ಕಟ್ಟಳೆ ಮೀರಲಿಲ್ಲ.”

“ಮೀರಲಿಲ್ಲವಾ?”

“ಇಲ್ಲ.”

ಊಟದ ಮನೆಯಲ್ಲಿ ಎಲೆ ಹಾಕಿದ್ದರು. ಗುರುಗಳು ಹೋಗಿ ನಿಂತರು. ಕೂರಲಿಲ್ಲ. ಅವರು ಕೂರದೆ ಯಾರೂ ಕೂರುವಂತಿಲ್ಲ.

“ಒಂದು ಎಲೆ ಕಡಿಮೆ ಇದೆ.”

ಚೌಡಪ್ಪ ಸಾಲನ್ನು ನೋಡಿದ.

“ಎಲ್ಲರಿಗೂ ಹಾಕಿದೆ, ಬುದ್ಧಿ.”

“ಕಬ್ಬಿಣದ ಕೈ ಬೆಳಗಿನಿಂದ ಸಂಜೆವರೆಗೂ ದುಡಿಯುತ್ತೆ. ಅದರ ಎಲೆ ಎಲ್ಲಿ?”

ಬಡಿಸಲು ನಿಂತಿದ್ದವರೊಬ್ಬರು ನಕ್ಕರು. ಗುರುಗಳು ನಗಲಿಲ್ಲ.

ಚೌಡಪ್ಪ ಎಲೆ ತಂದು ಹಾಕಿದ. ನೀರು ಚಿಮುಕಿಸಿ ಒರೆಸಿದ.

“ಅದು ಉಣ್ಣಲ್ಲವಲ್ಲ, ಬುದ್ಧಿ.”

“ಉಣ್ಣಲ್ಲ.”

ಬಡಿಸುವವರು ಎಲ್ಲರ ಎಲೆಗೂ ಅನ್ನ ಹಾಕಿಕೊಂಡು ಬಂದರು. ಆ ಎಲೆಗೂ ಹಾಕಿದರು. ಅದರ ಮುಂದೆ ಯಾರೂ ಇರಲಿಲ್ಲ. ಅನ್ನದಿಂದ ಹಬೆ ಏಳುತ್ತಿತ್ತು.

ಚೌಡಪ್ಪ ಅದನ್ನೇ ನೋಡುತ್ತ ನಿಂತ. ಆಮೇಲೆ ಬಾಗಿಲಿಗೆ ಓಡಿದ. ದೂರದಲ್ಲಿ ನೀಲಮ್ಮ ದೋಣಿಗೆ ಕಾಯುತ್ತ ಕೂತಿದ್ದಳು. ಹೊಸ್ತಿಲಲ್ಲಿ ಅವನು ತಿರುಗಿದ.

“ಬುದ್ಧಿ, ಇವತ್ತು ಹಬ್ಬ, ಕರೀತೀನಿ. ನಾಳೆ ಏನು ಹೇಳಲಿ? ಈ ಎಲೆ ಎಷ್ಟು ದಿನ ನಿನ್ನದು ಅಂತ ಹೇಳಲಿ?”

“ಆ ಕೈ ದುಡಿಯುವಷ್ಟು ದಿನ.”