ಹಳೇ ಪಿಕಪ್ಪಿಗೆ ಹೊಸ ದಮ್ಮು

ದನದ ಹಿಂಡಿ ಚೀಲ ಹೊತ್ತ ನನ್ನ ಹಳೇ ಪಿಕಪ್ ಗುಡ್ಡದ ಏರಿನಲ್ಲಿ ಮೂರು ಸಲ ನಿಂತಿತು. "ಲೋಡು ಜಾಸ್ತಿ ಆತ್ರಿ ಸಾವ್ಕಾರ್ರ" ಅಂದ ಡ್ರೈವರ್ ಹಾಲಪ್ಪ. ಮೈಗಳ್ಳ ಎಂದು ಬೈದು ಅವನನ್ನು ಕೆಲಸದಿಂದ ಬಿಡಿಸಿದೆ.

ಆಮೇಲೆ ಗಾಡಿಯನ್ನು ಮೇಸ್ತ್ರಿ ದಾವಲಸಾಬನ ಗ್ಯಾರೇಜಿಗೆ ಒಯ್ದೆ. "ಮೂರು ದಿನದಾಗ ಇದು ಕುದುರಿ ಹಂಗ ಏರು ಹತ್ತಬೇಕು. ಇಲ್ಲಂದ್ರ ನನ್ನ ನಾಲ್ಕೂ ಗಾಡಿ ಬ್ಯಾರೆ ಗ್ಯಾರೇಜಿಗೆ ಹೊಕ್ಕಾವು" ಎಂದೆ.

ಮೂರನೇ ದಿನ ಅವನು ಕೀಲಿ ಕೊಡುತ್ತ ಹೇಳಿದ: "ಇಂಜಿನ್‌ಗೆ ಕೈ ಹಚ್ಚೇನ್ರಿ, ಪಳಗಬೇಕು. ಒಂದು ವಾರ ಇಪ್ಪತ್ತು ಚೀಲ ಕಮ್ಮಿ ಹೇರ್ರಿ."

ಎಲ್ಲ ಗ್ಯಾರೇಜಿನವರೂ ಹೇಳುವ ಮಾತು, ಒಪ್ಪಿದೆ. ಇಪ್ಪತ್ತು ಚೀಲ ಕಮ್ಮಿ ಹೇರಿಸಿ, ಸ್ಟೇರಿಂಗ್ ನಾನೇ ಹಿಡಿದೆ. ಗಾಡಿ ಮೂರನೇ ಗೇರಿನಲ್ಲೇ ಸರಾಗವಾಗಿ ಗುಡ್ಡ ಹತ್ತಿತು. ಖುಷಿಯಿಂದ ವಾಪಸು ಹೋಗಿ ಕೇಳಿದೆ, "ಒಳಗ ಏನ್ ಹಾಕಿದ್ಯೋ ಸಾಬಾ?"

"ಏರ್ ಫಿಲ್ಟರ್ ಹೊಸದು. ವಾಲ್ವ್ ಸೆಟ್ ಮಾಡೇನಿ, ಇಂಜೆಕ್ಟರ್ ತೊಳದೇನಿ. ಉಳದ ರಿಪೇರಿ ನಿಮ್ಮ ಗೋದಾಮಿನಾಗ ಬಿದ್ದೈತ್ರಿ, ಇಪ್ಪತ್ತು ಚೀಲ."

ಸೀದಾ ಹಾಲಪ್ಪನ ಮನೆಗೆ ಹೋಗಿ, ಕೀಲಿ ಚಾಚಿ, ತಪ್ಪಾಯಿತು ಎಂದೆ. ಅವನು ಚಹಾ ಕೊಟ್ಟ; ಕೀಲಿ ಮುಟ್ಟಲಿಲ್ಲ.

"ಬ್ಯಾರೆ ಕಡೆ ಕೆಲಸಕ್ಕ ಹತ್ತೇನ್ರಿ ಸಾವ್ಕಾರ್ರ. ಅಲ್ಲಿ ಲೋಡು ಹೇರೂ ಮುಂಚೆ ನನ್ನ ಒಂದು ಮಾತು ಕೇಳ್ತಾರ."